ವೆಂಟಿನಲ್ಲಿ ಗಾಳಿಯೇ ಬರ್ತಿಲ್ವಾ? ಟೆಕ್ನೀಷಿಯನ್‌ಗೆ ಫೋನ್ ಮಾಡುವ ಮುಂಚೆ ಇಷ್ಟು ನೋಡಿ

ಅಮೆರಿಕದಲ್ಲಿ ಸ್ವಂತ ಮನೆ ತಗೊಂಡ ನಮ್ಮವರು ಬಹಳ ಗಾಬರಿ ಬೀಳುವ ವಿಷಯ ಇದು. ಡಲ್ಲಾಸಿನಲ್ಲಿ ಜುಲೈ ಮಧ್ಯಾಹ್ನ, ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು, ಥರ್ಮೋಸ್ಟಾಟ್ ಮಾತ್ರ ‘ಕೂಲ್’ ಅಂತ ತೋರಿಸುತ್ತಿದೆ, ಆದರೆ ವೆಂಟಿಗೆ ಕೈ ಹಿಡಿದರೆ ಏನೂ ಇಲ್ಲ. ಮಿನಿಯಾಪೊಲಿಸ್ ಕಡೆಯವರಿಗೆ ಇದೇ ಕಥೆ ಜನವರಿಯಲ್ಲಿ. ಊರಲ್ಲಾದರೆ ಒಂದು ರೂಮಿನ ಎಸಿ ಕೆಟ್ಟರೆ ಪಕ್ಕದ ರೂಮಿಗೆ ಹೋಗಿ ಮಲಗಬಹುದು. ಇಲ್ಲಿ ಬಹಳಷ್ಟು ಮನೆಗಳಲ್ಲಿ ಇಡೀ ಮನೆಗೆ ಇರುವುದು ಒಂದೇ ಬ್ಲೋವರ್, ಅಂದರೆ ಗಾಳಿ ತಳ್ಳುವ ಫ್ಯಾನ್. ಅದು ನಿಂತರೆ ಎಸಿಯೂ ಇಲ್ಲ, ಹೀಟರೂ ಇಲ್ಲ. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇರುವ ತನಕ ಲೀಸಿಂಗ್ ಆಫೀಸಿಗೆ ಒಂದು ರಿಕ್ವೆಸ್ಟ್ ಹಾಕಿದರೆ ಮುಗಿಯುತ್ತಿತ್ತು. ಈಗ ಎಲ್ಲ ನಮ್ಮ ತಲೆ ಮೇಲೆ.

ಆದರೆ ಗಾಳಿ ನಿಲ್ಲುವುದಕ್ಕೆ ಇರುವ ಕಾರಣಗಳಲ್ಲಿ ಸುಮಾರಷ್ಟನ್ನು ನೀವೇ ಕಂಡುಹಿಡಿಯಬಹುದು, ಕೆಲವನ್ನು ನೀವೇ ಸರಿ ಮಾಡಬಹುದು. ಅದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಕಾಗುವುದಿಲ್ಲ. ಹೆಚ್ಚಿನ ಕೆಲಸಕ್ಕೆ ಒಂದು ಟಾರ್ಚ್ ಇದ್ದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ಯಾಸಿನ ವಾಸನೆ ಬರುತ್ತಿದ್ದರೆ, ಸುಟ್ಟ ವಾಸನೆ ಅಥವಾ ಹೊಗೆ ಇದ್ದರೆ, ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಕೂಗುತ್ತಿದ್ದರೆ ಕೆಳಗೆ ಬರೆದಿರುವ ಯಾವುದನ್ನೂ ಮಾಡಬೇಡಿ. ಲೈಟ್ ಸ್ವಿಚ್ ಕೂಡ ಮುಟ್ಟದೆ, ಎಲ್ಲರನ್ನೂ ಕರೆದುಕೊಂಡು ಮನೆಯಿಂದ ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 911ಕ್ಕೆ ಫೋನ್ ಮಾಡಿ.

ಗಾಳಿ ಇಲ್ಲವೋ, ತಂಪು ಇಲ್ಲವೋ

‘ಎಸಿ ಕೆಲಸ ಮಾಡ್ತಿಲ್ಲ’ ಅಂತ ಹೇಳುವಾಗ ಎರಡು ಬೇರೆ ಬೇರೆ ತೊಂದರೆಗಳನ್ನು ನಾವು ಒಂದೇ ಮಾಡಿಬಿಡುತ್ತೇವೆ. ವೆಂಟಿನಿಂದ ಗಾಳಿ ಚೆನ್ನಾಗಿ ಬರುತ್ತಿದೆ, ಆದರೆ ತಣ್ಣಗಿಲ್ಲ ಅಂದರೆ ತೊಂದರೆ ಹೆಚ್ಚಾಗಿ ಹೊರಗಿನ ಯೂನಿಟ್ಟಿನದ್ದು ಅಥವಾ ರೆಫ್ರಿಜರೆಂಟ್‌ನದ್ದು (ಎಸಿಯೊಳಗೆ ಹರಿದು ತಂಪು ಮಾಡುವ ಗ್ಯಾಸ್). ಗಾಳಿಯೇ ಇಲ್ಲ ಅಂದರೆ ಹೊರಗಿನ ಯೂನಿಟ್ ಹತ್ತಿರ ಹೋಗಿ ನಿಂತು ಪ್ರಯೋಜನವಿಲ್ಲ. ಅದು ಭರ್ರೆಂದು ಓಡುತ್ತಿದ್ದರೂ ನಿಮ್ಮ ರೂಮಿಗೆ ಗಾಳಿ ತಳ್ಳುವ ಕೆಲಸ ಅದರದ್ದಲ್ಲ.

ಗಾಳಿಯ ದಾರಿ ಹೀಗಿದೆ. ಗೋಡೆಯಲ್ಲೋ ಸೀಲಿಂಗಿನಲ್ಲೋ ಇರುವ ದೊಡ್ಡ ರಿಟರ್ನ್ ಗ್ರಿಲ್ ಮೂಲಕ ಮನೆಯ ಗಾಳಿ ಒಳಗೆ ಹೋಗುತ್ತದೆ. ಫಿಲ್ಟರ್ ದಾಟುತ್ತದೆ. ಫರ್ನೇಸ್ (ಗಾಳಿ ಬಿಸಿ ಮಾಡುವ ಮಷೀನ್) ಅಥವಾ ಏರ್ ಹ್ಯಾಂಡ್ಲರ್ (ಬ್ಲೋವರ್ ಇರುವ ಒಳಗಿನ ಯೂನಿಟ್) ಒಳಗಿನ ಬ್ಲೋವರ್ ಅದನ್ನು ಎಳೆದು ತಳ್ಳುತ್ತದೆ. ಚಳಿಗಾಲದಲ್ಲಿ ಬಿಸಿಯಾಗಿ, ಬೇಸಿಗೆಯಲ್ಲಿ ಕಾಯಿಲ್ (ರೆಫ್ರಿಜರೆಂಟ್ ಹರಿಯುವ ತಣ್ಣನೆಯ ಕೊಳವೆಗಳು) ಮೇಲೆ ಹಾದು ತಣ್ಣಗಾಗಿ, ಡಕ್ಟುಗಳಲ್ಲಿ ಓಡಿ ವೆಂಟಿನಿಂದ ಹೊರಬರುತ್ತದೆ. ಹಾಗಾಗಿ ಗಾಳಿ ಬರುತ್ತಿಲ್ಲ ಅಂದರೆ ಎರಡೇ ಸಾಧ್ಯತೆ: ಬ್ಲೋವರ್ ತಿರುಗುತ್ತಿಲ್ಲ, ಅಥವಾ ತಿರುಗುತ್ತಿದೆ ಆದರೆ ಗಾಳಿಗೆ ದಾರಿಯಲ್ಲಿ ಎಲ್ಲೋ ತಡೆಯಿದೆ. ಇದರಲ್ಲಿ ಯಾವುದು ಅಂತ ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಗೊತ್ತು ಮಾಡಿಕೊಳ್ಳುವುದು ಸುಲಭ. ಥರ್ಮೋಸ್ಟಾಟಿನಲ್ಲಿ ಫ್ಯಾನ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಸಾಮಾನ್ಯವಾಗಿ ‘ಆಟೋ’ದಲ್ಲಿ ಇರುತ್ತದೆ. ಅದನ್ನು ‘ಆನ್’ ಮಾಡಿ. ಕೂಲ್, ಹೀಟ್ ಎರಡನ್ನೂ ಆಫ್ ಮಾಡಿ. ಈಗ ಫರ್ನೇಸ್ ಇರುವ ಜಾಗಕ್ಕೆ ಹೋಗಿ, ಬೇಸ್‌ಮೆಂಟೋ, ಕ್ಲೋಸೆಟ್ಟೋ, ಆಟಿಕ್ಕೋ, ಎಲ್ಲಿದ್ದರೆ ಅಲ್ಲಿ, ಒಂದೆರಡು ನಿಮಿಷ ನಿಂತು ಕಿವಿಗೊಡಿ. ಪೂರ್ತಿ ನಿಶ್ಶಬ್ದವೇ? ಬರೀ ‘ಗುಂಯ್’ ಅನ್ನುತ್ತಿದೆಯೇ? ಮೋಟಾರ್ ಓಡುವ ಸದ್ದು ಚೆನ್ನಾಗಿ ಕೇಳುತ್ತಿದೆಯೇ?

ಪೂರ್ತಿ ನಿಶ್ಶಬ್ದವಾಗಿದ್ದರೆ

ಕರೆಂಟು ಎಲ್ಲೋ ತಪ್ಪಿದೆ ಅಂತ ಅರ್ಥ, ಮೋಟಾರೇ ಸುಟ್ಟಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಥರ್ಮೋಸ್ಟಾಟಿನಿಂದ ಶುರು ಮಾಡಿ. ಪರದೆ ಖಾಲಿಯಿದ್ದರೆ, ಬ್ಯಾಟರಿಯಲ್ಲಿ ನಡೆಯುವಂಥದ್ದಾದರೆ, ಹೊಸ ಬ್ಯಾಟರಿ ಹಾಕಿ ನೋಡಿ. ಸ್ಮಾರ್ಟ್ ಥರ್ಮೋಸ್ಟಾಟ್ ಆಗಿದ್ದು, ಅದಕ್ಕೆ ಸಿ ವೈರ್ (ಥರ್ಮೋಸ್ಟಾಟಿಗೆ ಸದಾ ಕರೆಂಟ್ ಕೊಡುವ ವೈರ್) ಕೊಡದೆ ಹಾಕಿದ್ದರೆ ಒಳಗಿನ ಬ್ಯಾಟರಿ ಚಾರ್ಜ್ ಆಗದೆ ಸತ್ತಿರಬಹುದು. ಪರದೆ ಸರಿಯಿದ್ದರೆ ಮುಂದಕ್ಕೆ ಹೋಗಿ.

ಬ್ರೇಕರ್ ಪೆಟ್ಟಿಗೆ ತೆಗೆದು ನೋಡಿ. ಒಳಗಿನ ಯೂನಿಟ್ಟಿಗೆ ಒಂದು ಬ್ರೇಕರ್, ಹೊರಗಿನದ್ದಕ್ಕೆ ಇನ್ನೊಂದು ಇರುತ್ತದೆ. ಎರಡನ್ನೂ ನೋಡಿ. ಟ್ರಿಪ್ ಆದ ಬ್ರೇಕರ್ ಪೂರ್ತಿ ಆಫ್ ಕಡೆಗೆ ಬಿದ್ದಿರುವುದಿಲ್ಲ, ನಡುವೆ ನಿಂತಿರುತ್ತದೆ, ಸರಿಯಾಗಿ ಗಮನಿಸದಿದ್ದರೆ ಕಾಣುವುದೇ ಇಲ್ಲ. ಅದನ್ನು ಮೊದಲು ಪೂರ್ತಿ ಆಫ್ ಮಾಡಿ, ಆಮೇಲೆ ಆನ್ ಮಾಡಿ. ಒಂದು ಸಲ ಮಾತ್ರ. ಮತ್ತೆ ಬಿದ್ದರೆ ಅಲ್ಲೆಲ್ಲೋ ಶಾರ್ಟ್ ಇದೆ ಅಥವಾ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತಿದೆ, ಪದೇಪದೇ ಎತ್ತುತ್ತಾ ಕೂರಬೇಡಿ.

ಇನ್ನೊಂದು ಸ್ವಿಚ್ ಇದೆ, ಇದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಫರ್ನೇಸಿನ ಮೈ ಮೇಲೆ, ಪಕ್ಕದ ಗೋಡೆಯಲ್ಲಿ ಅಥವಾ ಬೇಸ್‌ಮೆಂಟ್ ಮೆಟ್ಟಿಲಿನ ತುದಿಯಲ್ಲಿ, ನೋಡೋಕೆ ಥೇಟ್ ಲೈಟಿನ ಸ್ವಿಚ್. ಕೆಲವು ಮನೆಗಳಲ್ಲಿ ಅದಕ್ಕೆ ಕೆಂಪು ಪ್ಲೇಟ್ ಹಾಕಿರುತ್ತಾರೆ, ಕೆಲವರ ಮನೆಯಲ್ಲಿ ಅದೂ ಇಲ್ಲ. ಆಟಿಕ್‌ನಿಂದ ಸೂಟ್‌ಕೇಸ್ ಇಳಿಸಲು ಹೋದವರು, ಬೇಸ್‌ಮೆಂಟಿನಲ್ಲಿ ಆಡುವ ಮಕ್ಕಳು ಲೈಟ್ ಅಂದುಕೊಂಡು ಅದನ್ನು ಆಫ್ ಮಾಡಿಬಿಟ್ಟಿರುತ್ತಾರೆ. ಆನ್ ಮಾಡಿದರೆ ಮುಗೀತು. ಆಮೇಲೆ ಅದರ ಮೇಲೆ ‘ಮುಟ್ಟಬೇಡಿ’ ಅಂತ ಒಂದು ಚೀಟಿ ಅಂಟಿಸಿ.

ಇತ್ತೀಚೆಗೆ ಫಿಲ್ಟರ್ ಬದಲಾಯಿಸಿದ ಮೇಲೆ ಗಾಳಿ ನಿಂತಿದೆಯೇ? ಹಾಗಾದರೆ ಫರ್ನೇಸಿನ ಮುಂದಿನ ಬಾಗಿಲನ್ನು ನೋಡಿ. ಅದರ ಹಿಂದೆ ಒಂದು ಪುಟ್ಟ ಸೇಫ್ಟಿ ಸ್ವಿಚ್ ಇದೆ. ಬಾಗಿಲು ಸರಿಯಾಗಿ ಕೂರದಿದ್ದರೆ ಅದು ಒತ್ತಿಕೊಳ್ಳುವುದಿಲ್ಲ, ಇಡೀ ಫರ್ನೇಸ್ ಸತ್ತಂತೆ ಇರುತ್ತದೆ. ಬಾಗಿಲು ಎತ್ತಿ, ಕೊಕ್ಕೆಗೆ ಕೂರಿಸಿ, ಗಟ್ಟಿಯಾಗಿ ಒತ್ತಿ.

ಬಹಳ ಫರ್ನೇಸುಗಳ ಬಾಗಿಲಿನಲ್ಲಿ ಬೆರಳಗಲದ ಒಂದು ಗಾಜಿನ ಕಿಂಡಿ ಇರುತ್ತದೆ. ಅದರಲ್ಲಿ ಕಣ್ಣಿಟ್ಟರೆ ಒಳಗಿನ ಬೋರ್ಡಿನ ಮೇಲೆ ಒಂದು ಚಿಕ್ಕ ದೀಪ ಕಾಣುತ್ತದೆ. ಅದು ಉರಿಯುತ್ತಲೇ ಇಲ್ಲ ಅಂದರೆ ಕರೆಂಟ್ ಬೋರ್ಡಿನ ತನಕ ಬಂದಿಲ್ಲ, ಇಲ್ಲ ಬೋರ್ಡಿನ ಮೇಲಿನ ಫ್ಯೂಸ್ ಹೋಗಿದೆ. ಮಿಣುಕುತ್ತಿದ್ದರೆ ಎಷ್ಟು ಸಲ ಮಿಣುಕಿ ನಿಲ್ಲುತ್ತದೆ ಅಂತ ಎಣಿಸಿ, ಫೋನಿನಲ್ಲಿ ವಿಡಿಯೋ ತೆಗೆದಿಟ್ಟುಕೊಳ್ಳಿ. ಎಷ್ಟು ಮಿಣುಕಿದರೆ ಏನು ದೋಷ ಅನ್ನುವ ಪಟ್ಟಿ ಆ ಬಾಗಿಲಿನ ಒಳಮೈಗೇ ಅಂಟಿಸಿರುತ್ತಾರೆ. ಫ್ಯೂಸ್ ಅಂದರೆ ಕಾರಿನಲ್ಲಿ ಬರುವಂಥದ್ದೇ, ಸಾಮಾನ್ಯವಾಗಿ 3 ಅಥವಾ 5 ಆಂಪ್. ಅದನ್ನು ಬದಲಾಯಿಸುವ ಧೈರ್ಯ ಇದ್ದರೆ ಮೊದಲು ಬ್ರೇಕರ್ ಆಫ್ ಮಾಡಿ, ಮತ್ತು ಇದ್ದ ಆಂಪ್‌ನದ್ದೇ ಹಾಕಿ. 3 ಇದ್ದ ಕಡೆ 5 ಹಾಕಬೇಡಿ. ಹೊಸದೂ ತಕ್ಷಣ ಹೋದರೆ ಥರ್ಮೋಸ್ಟಾಟ್ ವೈರ್ ಎಲ್ಲೋ ತಾಗುತ್ತಿರಬಹುದು, ಅಲ್ಲಿಗೆ ಬಿಟ್ಟು ಟೆಕ್ನೀಷಿಯನ್‌ನ ಕರೆಸಿ.

ನೀರು ನಿಂತರೂ ಗಾಳಿ ನಿಲ್ಲುತ್ತದೆ

ಬೇಸಿಗೆಯಲ್ಲಿ, ಅದರಲ್ಲೂ ಟೆಕ್ಸಾಸ್, ಫ್ಲೋರಿಡಾ, ಜಾರ್ಜಿಯಾ ಕಡೆ, ಇದನ್ನು ಬಿಡದೆ ನೋಡಬೇಕು. ಎಸಿ ಓಡುವಾಗ ಕಾಯಿಲ್ ಮೇಲೆ ನೀರು ಕೂಡುತ್ತದೆ, ಕೆಳಗಿನ ತಟ್ಟೆಗೆ ಬಿದ್ದು ಒಂದು ಬಿಳಿ ಪಿವಿಸಿ ಪೈಪಿನಲ್ಲಿ ಹೊರಗೆ ಹರಿದುಹೋಗುತ್ತದೆ. ಆ ಪೈಪಿನಲ್ಲಿ ಪಾಚಿ ಕಟ್ಟುತ್ತದೆ. ನೀರು ಹಿಂದಕ್ಕೆ ನಿಂತು ಏರಿದಾಗ ಒಂದು ಫ್ಲೋಟ್ ಸ್ವಿಚ್ ಎದ್ದು, ಸೀಲಿಂಗ್ ಹಾಳಾಗಬಾರದು ಅಂತ ಮಷೀನನ್ನು ನಿಲ್ಲಿಸುತ್ತದೆ. ವೈರಿಂಗ್ ಹೇಗಿದೆ ಅನ್ನುವುದರ ಮೇಲೆ ಕೆಲವು ಮನೆಗಳಲ್ಲಿ ಹೊರಗಿನ ಯೂನಿಟ್ ಮಾತ್ರ ನಿಲ್ಲುತ್ತದೆ, ಕೆಲವು ಮನೆಗಳಲ್ಲಿ ಥರ್ಮೋಸ್ಟಾಟಿನ ಪರದೆ ಸಮೇತ ಎಲ್ಲವೂ ಬಂದ್. ಜನ ಥರ್ಮೋಸ್ಟಾಟ್ ಕೆಟ್ಟಿದೆ ಅಂತ ಹೊಸದು ತಂದು ಹಾಕುತ್ತಾರೆ, ತೊಂದರೆ ಇರುವುದು ಪೈಪಿನಲ್ಲಿ.

ಏರ್ ಹ್ಯಾಂಡ್ಲರ್ ಕೆಳಗಿನ ತಟ್ಟೆಗೆ ಟಾರ್ಚ್ ಬಿಡಿ. ನೀರು ನಿಂತಿದ್ದರೆ ಇದೇ ಕಾರಣ. ಆಟಿಕ್ ಹತ್ತದೆಯೂ ಒಂದು ಸುಳಿವು ಸಿಗುತ್ತದೆ: ಹೊರಗೆ ಗೋಡೆಯಲ್ಲಿ, ಕಿಟಕಿಯ ಮೇಲ್ಭಾಗದಲ್ಲಿ, ಒಂದು ಪೈಪಿನ ತುದಿ ಚಾಚಿಕೊಂಡಿರುತ್ತದೆ. ಮೊದಲ ತಟ್ಟೆ ತುಂಬಿ ಹರಿದರೆ ನೀರು ಹಿಡಿಯಲು ಅದರ ಕೆಳಗೆ ಇಟ್ಟಿರುವ ಎರಡನೆಯ ತಟ್ಟೆಯ ಪೈಪ್ ಅದು. ಅದರಿಂದ ನೀರು ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಮುಖ್ಯ ಪೈಪ್ ಕಟ್ಟಿದೆ ಅಂತ ಮನೆಯವರ ಕಣ್ಣಿಗೆ ಬೀಳಲಿ ಅಂತಲೇ ಅದನ್ನು ಕಿಟಕಿಯ ಮೇಲೆ ಇಟ್ಟಿರುತ್ತಾರೆ.

ಬಿಡಿಸುವುದು ಹೀಗೆ. ಥರ್ಮೋಸ್ಟಾಟ್ ಆಫ್ ಮಾಡಿ. ನೀರು ಎಳೆಯುವ ವೆಟ್ ವ್ಯಾಕ್ಯೂಮ್ ಬೇಕು, ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ಅದರೊಳಗಿನ ಕಾಗದದ ಫಿಲ್ಟರ್ ತೆಗೆದಿಡಿ, ನೀರಿಗೆ ಹಾಳಾಗುತ್ತದೆ. ಹೊರಗೆ ಮುಖ್ಯ ಡ್ರೈನ್ ಪೈಪಿನ ತುದಿ ಹುಡುಕಿ, ಸಾಧಾರಣವಾಗಿ ಗೋಡೆಯ ಬುಡದಲ್ಲಿ ಇರುತ್ತದೆ. ವ್ಯಾಕ್ಯೂಮಿನ ಬಾಯನ್ನು ಅದಕ್ಕೆ ಇಟ್ಟು, ಸುತ್ತ ಒಂದು ಹಳೇ ಬಟ್ಟೆ ಬಿಗಿಯಾಗಿ ಸುತ್ತಿ ಹಿಡಿದು, ಎರಡು ಮೂರು ನಿಮಿಷ ಓಡಿಸಿ. ಮೊದಲು ಬರೀ ಗಾಳಿ ಎಳೆಯುವ ಸದ್ದು, ಆಮೇಲೆ ಇದ್ದಕ್ಕಿದ್ದಂತೆ ‘ಗಳಗಳ’ ಅಂತ ನೀರು ನುಗ್ಗುತ್ತದೆ. ಡಬ್ಬಿ ತೆಗೆದು ನೋಡಿದರೆ ಕಂದು ಬಣ್ಣದ ಲೋಳೆ ಲೋಳೆ ಗಂಟು ಸಿಗುತ್ತದೆ. ಅದು ಬಂತು ಅಂದರೆ ಕೆಲಸ ಆಯಿತು. ಆಮೇಲೆ ಒಳಗಿನ ಯೂನಿಟ್ ಹತ್ತಿರ ಪೈಪಿಗೆ ಮುಚ್ಚಳ ಇರುವ ಕವಲಿನಲ್ಲಿ ಒಂದು ಕಪ್ ಬಿಳಿ ವಿನೆಗರ್ ಹಾಕಿ, ಅರ್ಧ ಗಂಟೆ ಬಿಟ್ಟು ನೀರು ಹಾಕಿ. ಬೇಸಿಗೆಯಲ್ಲಿ ತಿಂಗಳಿಗೊಂದು ಸಲ ಈ ವಿನೆಗರ್ ಹಾಕುತ್ತಿದ್ದರೆ ಪಾಚಿ ಅಷ್ಟು ಬೇಗ ಕಟ್ಟುವುದಿಲ್ಲ. ಬೇಸ್‌ಮೆಂಟಿನಲ್ಲಿ ಯೂನಿಟ್ ಇರುವವರ ಮನೆಯಲ್ಲಿ ನೀರು ಎತ್ತುವ ಪುಟ್ಟ ಪಂಪ್ ಇರಬಹುದು, ಅದರ ಪ್ಲಗ್ ಕಿತ್ತುಬಂದಿದೆಯೇ ನೋಡಿ.

‘ಗುಂಯ್’ ಅನ್ನುತ್ತದೆ, ತಿರುಗುವುದಿಲ್ಲ

ಮೋಟಾರಿಗೆ ಕರೆಂಟ್ ಬರುತ್ತಿದೆ, ಆದರೆ ಶುರು ಆಗುತ್ತಿಲ್ಲ. ಕೆಪಾಸಿಟರ್ (ಮೋಟಾರ್ ಶುರುವಾಗಲು ನೆರವಾಗುವ, ಚಾರ್ಜ್ ಕೂಡಿಡುವ ಭಾಗ) ಹೋಗಿರಬಹುದು, ಬೇರಿಂಗ್ ಹಿಡಿದಿರಬಹುದು. ಹೀಗೇ ಬಿಟ್ಟರೆ ಮೋಟಾರ್ ಕಾದು ಸುಡುತ್ತದೆ, ಹಾಗಾಗಿ ತಕ್ಷಣ ಬ್ರೇಕರ್ ಆಫ್ ಮಾಡಿ. ಕೆಪಾಸಿಟರ್ ಅಗ್ಗದ ಸಾಮಾನು, ಯೂಟ್ಯೂಬಿನಲ್ಲಿ ವಿಡಿಯೋ ನೋಡಿ ತಾವೇ ಬದಲಾಯಿಸುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಕರೆಂಟ್ ಆಫ್ ಮಾಡಿದ ಮೇಲೂ ಅದರೊಳಗೆ ಚಾರ್ಜ್ ಉಳಿದಿರುತ್ತದೆ, ಮುಟ್ಟಿದರೆ ಜೋರು ಶಾಕ್ ಹೊಡೆಯುತ್ತದೆ. ಇಲ್ಲಿಗೆ ನಿಮ್ಮ ಕೆಲಸ ಮುಗೀತು, ಕರೆಸಿ.

ಬ್ಲೋವರ್ ಓಡುತ್ತಿದೆ, ಗಾಳಿ ಮಾತ್ರ ಇಲ್ಲ

ಮೊದಲು ಫಿಲ್ಟರ್. ಟೆಕ್ಸಾಸ್ ಕಡೆಯ ಮನೆಗಳಲ್ಲಿ ಸೀಲಿಂಗಿನ ರಿಟರ್ನ್ ಗ್ರಿಲ್ ಹಿಂದೆ, ಉತ್ತರದ ಕಡೆ ಫರ್ನೇಸ್ ಪಕ್ಕದ ಸೀಳಿನಲ್ಲಿ. ಎರಡೂ ಕಡೆ ಒಂದೊಂದು ಇರುವ ಮನೆಗಳೂ ಇವೆ, ಒಂದನ್ನು ತಪ್ಪದೆ ಬದಲಾಯಿಸುತ್ತಾ ಇನ್ನೊಂದು ಇರುವುದೇ ಗೊತ್ತಿಲ್ಲದೆ ವರ್ಷಗಟ್ಟಲೆ ಬಿಟ್ಟಿರುತ್ತಾರೆ. ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಆಚೆ ಕಾಣದಿದ್ದರೆ ಅದರ ಕಥೆ ಮುಗಿದಿದೆ. ಅನುಮಾನ ಇದ್ದರೆ ಫಿಲ್ಟರ್ ಇಲ್ಲದೆ ಒಂದು ನಿಮಿಷ ಬ್ಲೋವರ್ ಓಡಿಸಿ. ವೆಂಟಿನಲ್ಲಿ ಗಾಳಿ ವಾಪಸ್ ಬಂತು ಅಂದರೆ ಫಿಲ್ಟರೇ ಕಾರಣ. ಹಾಗಂತ ಫಿಲ್ಟರ್ ಇಲ್ಲದೆ ಬಿಡಬೇಡಿ, ಧೂಳು ನೇರ ಕಾಯಿಲ್‌ಗೆ ಹೋಗಿ ಮೆತ್ತಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಫಿಲ್ಟರ್ ಬೇಗ ಕಟ್ಟುತ್ತದೆ. ದಿನಾ ಒಗ್ಗರಣೆ, ವಾರಕ್ಕೊಮ್ಮೆ ಪೂರಿಯೋ ಬಜ್ಜಿಯೋ, ಬೆಳಿಗ್ಗೆ ಸಂಜೆ ಊದಿನಕಡ್ಡಿ. ಒಲೆಯ ಮೇಲಿನ ಚಿಮಣಿ ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಒಂದು ಜಾಲರಿ ದಾಟಿಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಎಣ್ಣೆಯ ಜಿಡ್ಡು ಫಿಲ್ಟರಿಗೆ ಹತ್ತಿ, ಅದರ ಮೇಲೆ ಧೂಳು ಅಂಟುತ್ತದೆ. ಪ್ಯಾಕೆಟ್ ಮೇಲೆ 3 ತಿಂಗಳು ಅಂತ ಬರೆದಿದ್ದರೂ ತಿಂಗಳಿಗೊಮ್ಮೆ ತೆಗೆದು ನೋಡಿ.

ಇನ್ನೊಂದು ವಿಷಯ, ಅಲರ್ಜಿ ಇದೆ ಅಂತ ಮರ್ವ್ 13 ಫಿಲ್ಟರ್ ತಂದು ಹಾಕುವುದು. ಮರ್ವ್ ಸಂಖ್ಯೆ ಹೆಚ್ಚಾದಷ್ಟು ಸಣ್ಣ ಕಣ ಹಿಡಿಯುತ್ತದೆ, ನಿಜ. ಆದರೆ ಒಂದಿಂಚು ದಪ್ಪದ ಮರ್ವ್ 13 ಅನ್ನು ಹಳೇ ಫರ್ನೇಸಿಗೆ ಹಾಕಿದರೆ ಗಾಳಿಯನ್ನೂ ತಡೆಯಬಹುದು. ಒಂದಿಂಚಿನ ಜಾಗಕ್ಕೆ ಮರ್ವ್ 8 ಬಹಳ ಮನೆಗಳಿಗೆ ಸಾಕು. 13 ಬೇಕೇ ಬೇಕು ಅಂದರೆ 4 ಇಂಚಿನ ಫಿಲ್ಟರ್ ಹಿಡಿಯುವ ಪೆಟ್ಟಿಗೆ ಹಾಕಿಸಿಕೊಳ್ಳಿ. ಅಳತೆ ಹಳೆಯ ಫಿಲ್ಟರಿನ ಅಂಚಿನಲ್ಲೇ ಇರುತ್ತದೆ, 16×25×1 ಅಥವಾ 20×20×1 ಅಂತ. ಅದರ ಮೇಲಿನ ಬಾಣ ಬ್ಲೋವರ್ ಕಡೆಗೆ ತಿರುಗಿರಬೇಕು.

ಫಿಲ್ಟರ್ ಚೊಕ್ಕವಾಗಿಯೇ ಇದ್ದು, ಕಾಲ ಬೇಸಿಗೆಯಾಗಿದ್ದರೆ ಕಾಯಿಲ್ ಹೆಪ್ಪುಗಟ್ಟಿರಬಹುದು. ಒಳಗಿನ ಯೂನಿಟ್ಟಿಗೆ ಬರುವ ಎರಡು ತಾಮ್ರದ ಪೈಪುಗಳಲ್ಲಿ ದಪ್ಪಗಿನದಕ್ಕೆ ಕಪ್ಪು ಫೋಮ್ ಸುತ್ತಿರುತ್ತದೆ. ಅದರ ಮೇಲೆ ಬಿಳಿ ಹಿಮ ಕಂಡರೆ ಒಳಗೆ ಕಾಯಿಲ್ ಮಂಜುಗಡ್ಡೆಯಾಗಿದೆ, ಗಾಳಿಗೆ ದಾರಿಯೇ ಇಲ್ಲ. ಕೂಲ್ ಆಫ್ ಮಾಡಿ, ಫ್ಯಾನ್ ಆನ್‌ನಲ್ಲಿ ಬಿಡಿ. ಕರಗಲು ಕೆಲವು ಗಂಟೆ ಬೇಕು, ತುಂಬಾ ಕಟ್ಟಿದ್ದರೆ ಇಡೀ ದಿನವೂ ಹಿಡಿಯಬಹುದು. ಕೆಳಗೆ ಹಳೇ ಟವೆಲ್ ಹಾಸಿ. ಚಾಕುವಿನಿಂದ ಕೆರೆಯಬೇಡಿ, ಬಿಸಿನೀರು ಸುರಿಯಬೇಡಿ. ಕಾಯಿಲ್ ತೂತಾದರೆ ಖರ್ಚು ಎಲ್ಲಿಗೋ ಹೋಗುತ್ತದೆ. ಮಂಜು ಕಟ್ಟಿದ ಹಾಗೇ ಎಸಿ ಓಡಿಸುತ್ತಿದ್ದರೆ ಕಂಪ್ರೆಸರ್ ಕೂಡ ಹಾಳಾಗಬಹುದು.

ಪೂರ್ತಿ ಕರಗಿದ ಮೇಲೆ ಹೊಸ ಫಿಲ್ಟರ್ ಹಾಕಿ ಕೂಲ್ ಆನ್ ಮಾಡಿ. ಮತ್ತೆ ಕಟ್ಟಿತು ಅಂದರೆ ರೆಫ್ರಿಜರೆಂಟ್ ಕಡಿಮೆ ಇರಬಹುದು ಅಥವಾ ಬ್ಲೋವರ್ ನಿಧಾನ ಆಗಿರಬಹುದು. ರೆಫ್ರಿಜರೆಂಟ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ, ಸೋರುವುದನ್ನು ಹುಡುಕದೆ ಪ್ರತಿ ವರ್ಷ ತುಂಬಿಸಿಕೊಳ್ಳುವುದು ದುಡ್ಡು ದಂಡ. ಅದನ್ನು ಮುಟ್ಟಲು ಇಪಿಎಯ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) 608 ಸರ್ಟಿಫಿಕೇಟ್ ಬೇಕು, ಹಾಗಾಗಿ ಅದು ನಮ್ಮ ಕೆಲಸ ಅಲ್ಲ. ‘ನಿಮ್ಮ ಆರ್-410ಎ ಗ್ಯಾಸ್ ಬ್ಯಾನ್ ಆಗಿದೆ, ಇಡೀ ಸಿಸ್ಟಂ ಬದಲಾಯಿಸಿ’ ಅಂತ ಯಾರಾದರೂ ಹೇಳಿದರೆ ಅವಸರ ಪಡಬೇಡಿ. 2025ರ ಜನವರಿ 1ರಿಂದ ಬಂದ ನಿಯಮ ಹೊಸದಾಗಿ ತಯಾರಾಗುವ ಮಷೀನುಗಳಿಗೆ. ನಿಮ್ಮಲ್ಲಿ ಈಗಾಗಲೇ ಇರುವುದನ್ನು ರಿಪೇರಿ ಮಾಡಿಸಿ ಓಡಿಸಬಹುದು.

ಎರಡು ಮೂರು ರೂಮಿಗೆ ಮಾತ್ರ ಗಾಳಿ ಇಲ್ಲವಾದರೆ ದಾರಿಯನ್ನು ಹುಡುಕಿ. ನೆಲದಲ್ಲಿ ವೆಂಟ್ ಇರುವ ಮನೆಗಳಲ್ಲಿ ಭಜನೆಗೋ ಸತ್ಯನಾರಾಯಣ ಪೂಜೆಗೋ ಅಂತ ಹಾಸಿದ ಜಮಖಾನ ವೆಂಟಿನ ಮೇಲೇ ಉಳಿದಿರುತ್ತದೆ. ರಿಟರ್ನ್ ಗ್ರಿಲ್ ಮುಂದೆ ಚಪ್ಪಲಿ ಸ್ಟ್ಯಾಂಡ್, ನೆಂಟರಿಗೆ ಅಂತ ಇಟ್ಟ ಹಾಸಿಗೆ, ಅಕ್ಕಿ ಮೂಟೆ ನಿಂತಿರುತ್ತದೆ. ಊರಿಂದ ಬಂದ ಅಪ್ಪ ಅಮ್ಮ ಚಳಿ ತಡೆಯಲಾರದೆ ತಮ್ಮ ರೂಮಿನ ವೆಂಟ್ ಮುಚ್ಚಿರುತ್ತಾರೆ, ಅವರು ಹೋದ ಮೇಲೂ ಅದು ಮುಚ್ಚಿಯೇ ಇರುತ್ತದೆ. ಒಂದು ವೆಂಟ್ ಮುಚ್ಚಿದರೆ ಪ್ರಪಂಚ ಮುಳುಗುವುದಿಲ್ಲ. ಆದರೆ ಕರೆಂಟ್ ಉಳಿಯುತ್ತದೆ ಅಂತ ಖಾಲಿ ರೂಮುಗಳದ್ದೆಲ್ಲ ಮುಚ್ಚಿದರೆ ಡಕ್ಟಿನಲ್ಲಿ ಒತ್ತಡ ಏರಿ ಬ್ಲೋವರಿಗೆ ಹೊರೆ, ಕಾಯಿಲ್ ಹೆಪ್ಪುಗಟ್ಟುವುದಕ್ಕೂ ಅದೇ ದಾರಿ. ಅವರಿಗೆ ಗಾಳಿ ನೇರ ಹೊಡೆಯಬಾರದು ಅಂದರೆ ಗಾಳಿ ತಿರುಗಿಸುವ ಪ್ಲಾಸ್ಟಿಕ್ ತಡಿಕೆ ಸಿಗುತ್ತದೆ, ಅದನ್ನು ಹಾಕಿ.

ಫರ್ನೇಸ್ ಹತ್ತಿರ ಡಕ್ಟಿನ ಮೇಲೆ ಚಿಕ್ಕ ಹಿಡಿಗಳಿದ್ದರೆ ಅವು ಡ್ಯಾಂಪರಿನವು, ಅಂದರೆ ಡಕ್ಟಿನೊಳಗೆ ಗಾಳಿ ಬಿಡುವ, ತಡೆಯುವ ಮುಚ್ಚಳದವು. ಹಿಡಿ ಡಕ್ಟಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಆಟಿಕ್‌ನಲ್ಲಿ ಮೆತ್ತನೆ ಫ್ಲೆಕ್ಸ್ ಡಕ್ಟ್ ಇದ್ದರೆ ಯಾರೋ ತುಳಿದು ಚಪ್ಪಟೆ ಆಗಿದೆಯೇ, ಕೀಲಿನಲ್ಲಿ ಕಳಚಿ ಬಿದ್ದಿದೆಯೇ ನೋಡಿ. ಬೇಸಿಗೆಯ ಮಧ್ಯಾಹ್ನ ಆಟಿಕ್ ಹತ್ತಬೇಡಿ, ಬೆಳಿಗ್ಗೆ ಹೋಗಿ, ಮರದ ತೊಲೆಯ ಮೇಲೆ ಮಾತ್ರ ಕಾಲಿಡಿ. ಇದೆಲ್ಲ ಸರಿಯಿದ್ದೂ ಎಲ್ಲೂ ಗಾಳಿ ಇಲ್ಲ, ಮೋಟಾರ್ ಸದ್ದು ಮಾತ್ರ ಇದೆ ಅಂದರೆ ಬ್ಲೋವರಿನ ಚಕ್ರ ಮೋಟಾರಿನ ಕಂಬಿಯಿಂದ ಸಡಿಲಾಗಿರಬಹುದು. ಅದು ಟೆಕ್ನೀಷಿಯನ್ ಕೆಲಸ.

ಫ್ಯಾನ್ ‘ಆನ್’ನಲ್ಲಿ ಗಾಳಿ ಬರುತ್ತದೆ, ಹೀಟ್ ಹಾಕಿದರೆ ಬರುವುದಿಲ್ಲ

ಇದು ಚಳಿಗಾಲದ ಪ್ರಶ್ನೆ. ಗ್ಯಾಸ್ ಫರ್ನೇಸಿನಲ್ಲಿ ಮೊದಲು ಬೆಂಕಿ ಹೊತ್ತಿ, ಒಳಗೆ ಬಿಸಿಯಾದ ಮೇಲೆ ಬ್ಲೋವರ್ ಶುರುವಾಗುತ್ತದೆ. ಒಂದೆರಡು ನಿಮಿಷ ಕಾಯಿರಿ. ಆಮೇಲೂ ಬರದಿದ್ದರೆ ಬೆಂಕಿಯೇ ಹೊತ್ತದಿರಬಹುದು. ಗ್ಯಾಸ್ ವಾಲ್ವ್ ತೆರೆದಿದೆಯೇ ನೋಡಿ. ಹೊಸ ತರಹದ ಫರ್ನೇಸಾದರೆ ಹೊರಗೆ ಗೋಡೆಯಿಂದ ಬಿಳಿ ಪಿವಿಸಿ ಪೈಪ್ ಒಂದೋ ಎರಡೋ ಚಾಚಿರುತ್ತವೆ. ರಾತ್ರಿ ಜೋರು ಹಿಮ ಬಿದ್ದಿದ್ದರೆ ಅವು ಮುಚ್ಚಿಹೋಗಿರುತ್ತವೆ, ಫರ್ನೇಸ್ ಉಸಿರಾಡಲಾಗದೆ ತಾನೇ ನಿಲ್ಲುತ್ತದೆ. ಕೈಯಿಂದ ಹಿಮ ಸರಿಸಿ, ಥರ್ಮೋಸ್ಟಾಟ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಬರ್ನರ್ ಬಿಚ್ಚುವ ಕೆಲಸಕ್ಕೆ ಮಾತ್ರ ಹೋಗಬೇಡಿ.

ಫೋನ್ ಮಾಡಬೇಕಾಗಿ ಬಂದರೆ ನೋಡಿದ್ದನ್ನೆಲ್ಲ ಹೇಳಿ: ಫ್ಯಾನ್ ಆನ್ ಮಾಡಿದಾಗ ಸದ್ದು ಹೇಗಿತ್ತು, ಬ್ರೇಕರ್ ಬಿದ್ದಿತ್ತೇ, ದೀಪ ಎಷ್ಟು ಸಲ ಮಿಣುಕಿತು, ಪೈಪಿನ ಮೇಲೆ ಹಿಮ ಇತ್ತೇ. ಮಷೀನಿನ ಸ್ಟಿಕ್ಕರಿನ ಫೋಟೋ ತೆಗೆದಿಡಿ, ಮಾಡೆಲ್ ನಂಬರ್ ಗೊತ್ತಿದ್ದರೆ ಬೇಕಾದ ಭಾಗ ಜೊತೆಗೇ ತರಬಹುದು. ಬಂದು ನೋಡುವುದಕ್ಕೆ ಎಷ್ಟು ಫೀಸು, ರಿಪೇರಿ ಮಾಡಿಸಿದರೆ ಅದನ್ನು ಕಳೆಯುತ್ತಾರೆಯೇ ಅಂತ ಮೊದಲೇ ಕೇಳಿ.

ಅವರು ಬರುವ ತನಕ ಬೇಸಿಗೆಯಲ್ಲಾದರೆ ಬಿಸಿಲು ಬೀಳುವ ಕಿಟಕಿಗಳ ಪರದೆ ಎಳೆಯಿರಿ, ಓವನ್ ಹಚ್ಚಬೇಡಿ, ಎಲ್ಲರೂ ಕೆಳಗಿನ ಮಹಡಿಯಲ್ಲಿ ಇರಿ. ಮನೆಯಲ್ಲಿ ವಯಸ್ಸಾದವರು, ಕೂಸು ಇದ್ದರೆ ಕಾಯುತ್ತಾ ಕೂರದೆ ಪರಿಚಯದವರ ಮನೆಗೋ ಲೈಬ್ರರಿಗೋ ಕರೆದುಕೊಂಡು ಹೋಗಿ. ಚಳಿಗಾಲದಲ್ಲಾದರೆ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆಗೆದಿಟ್ಟು, ನಲ್ಲಿಯಲ್ಲಿ ಸಣ್ಣಗೆ ನೀರು ಬಿಡಿ, ಪೈಪ್ ಹೆಪ್ಪುಗಟ್ಟಿ ಒಡೆಯಬಾರದಲ್ವಾ. ಬೆಚ್ಚಗಾಗಲಿ ಅಂತ ಗ್ಯಾಸ್ ಒಲೆ ಹಚ್ಚಿಡಬೇಡಿ, ಇದ್ದಿಲ ಗ್ರಿಲ್ ಒಳಗೆ ತರಲೇಬೇಡಿ.